ವ್ಯಕ್ತಿಸ್ವಾತಂತ್ರ್ಯವೂ ಮಾದಕ ವಸ್ತುಗಳ ಶಾಸನವೂ: ಅಪರಾಧ ನಿವಾರಣೆಯ ಒಂದು ವಿವಾದದ ಇತಿಹಾಸ

ಪೀಠಿಕೆ

ಮನುಷ್ಯನು ತನ್ನ ದೇಹಕ್ಕೆ ತಾನೇ ಮಾಡಿಕೊಳ್ಳುವ ಕೇಡನ್ನು ತಡೆಯಲು ಪ್ರಭುತ್ವಕ್ಕೆ ಅಧಿಕಾರವುಂಟೆ? ಉಂಟೆಂದು ಒಪ್ಪಿದರೂ, ಆ ಅಧಿಕಾರವನ್ನು ದಂಡಶಾಸನದ ಮೂಲಕ ಚಲಾಯಿಸಿದಾಗ ಲೋಕದಲ್ಲಿ ಅಪರಾಧವು ಕಡಿಮೆಯಾಗುವುದೊ, ಹೆಚ್ಚುವುದೊ? ಈ ಎರಡು ಪ್ರಶ್ನೆಗಳು ಒಂದೇ ಎಂಬಂತೆ ಮೇಲುನೋಟಕ್ಕೆ ತೋರಿದರೂ ವಾಸ್ತವವಾಗಿ ಬೇರೆ ಬೇರೆಯಾದುವು. ಮೊದಲನೆಯದು ನೀತಿಗೂ ರಾಜ್ಯತತ್ತ್ವಕ್ಕೂ ಸೇರಿದುದು; ಎರಡನೆಯದು ಅನುಭವಕ್ಕೆ, ಎಂದರೆ ಇತಿಹಾಸಕ್ಕೆ, ಸೇರಿದುದು. ಅಫೀಮು, ಗಾಂಜಾ, ಹೆರಾಯಿನ್, ಕೊಕೇನ್ ಮೊದಲಾದ ವಸ್ತುಗಳ ಶಾಸನವನ್ನು ಕುರಿತು ಕಳೆದ ನೂರೈವತ್ತು ವರ್ಷಗಳಿಂದ ನಡೆದುಬಂದಿರುವ ವಾದವಿವಾದಗಳಲ್ಲಿ ಈ ಎರಡು ಪ್ರಶ್ನೆಗಳನ್ನು ಒಂದರೊಡನೊಂದು ಬೆರೆಸಿದುದರಿಂದ ಉಂಟಾಗಿರುವ ಗೊಂದಲ ಅಲ್ಪವಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಆ ವಿವಾದದ ಬೆಳವಣಿಗೆಯನ್ನು ಸ್ಥೂಲವಾಗಿ ನಿರೂಪಿಸಿ, ಇತಿಹಾಸದ ಸಾಕ್ಷ್ಯವು ಯಾರ ಪಕ್ಷವನ್ನು ಎಷ್ಟರಮಟ್ಟಿಗೆ ಸಮರ್ಥಿಸುತ್ತದೆ ಎಂಬುದನ್ನು ಪರಿಶೀಲಿಸಲು ಉದ್ದೇಶಿಸಿದ್ದೇವೆ. ವ್ಯಕ್ತಿಯ ಸ್ವಾತಂತ್ರ್ಯವನ್ನೇ ಪರಮಮೌಲ್ಯವೆಂದೆಣಿಸಿ, ಬಲಾತ್ಕಾರ, ಕಳವು, ವಂಚನೆಗಳಿಂದ ಪ್ರಜೆಗಳನ್ನು ರಕ್ಷಿಸುವುದಷ್ಟೇ ಪ್ರಭುತ್ವದ ಕರ್ತವ್ಯವೆಂದು ಹೇಳುವ ಪಂಥಕ್ಕೆ ಇಂಗ್ಲಿಷಿನಲ್ಲಿ ಲಿಬರ್ಟೇರಿಯನಿಸಂ ಎಂಬ ಹೆಸರು ಬಂದಿದೆ. ಇದನ್ನು ನಾವು ಇಲ್ಲಿ ಸ್ವಾತಂತ್ರ್ಯವಾದ ಎಂದು ಕರೆದಿದ್ದೇವೆ.

ಮಿಲ್ಲನ ಸೂತ್ರ ಮತ್ತು ಸ್ಟೀಫನ್ನನ ಉತ್ತರ

ಈ ವಿವಾದಕ್ಕೆ ತಾತ್ತ್ವಿಕವಾದ ತಳಹದಿಯನ್ನು ಹಾಕಿದವನು ಜಾನ್ ಸ್ಟುವರ್ಟ್ ಮಿಲ್. 1859ರಲ್ಲಿ ಪ್ರಕಟವಾದ ಅವನ ಸ್ವಾತಂತ್ರ್ಯವಿಚಾರದ ಗ್ರಂಥದ ಮುಖ್ಯ ಸೂತ್ರ ಸರಳವಾದುದು: ಇತರರಿಗೆ ಹಾನಿಯಾಗದಂತೆ ತಡೆಯುವುದಕ್ಕಾಗಿ ಮಾತ್ರವೇ ಸಮಾಜವು ವ್ಯಕ್ತಿಯ ಮೇಲೆ ಬಲಪ್ರಯೋಗ ಮಾಡಬಹುದು, ಅವನ ಸ್ವಂತ ಹಿತಕ್ಕಾಗಿ ಎಂಬುದು ಸಾಕಾದ ಕಾರಣವಲ್ಲ. ಈ ಸೂತ್ರವು ಬುದ್ಧಿ ಬಲಿತ ವಯಸ್ಕರಿಗೆ ಮಾತ್ರ ಅನ್ವಯಿಸುತ್ತದೆಯೇ ಹೊರತು ಬಾಲಕರಿಗಲ್ಲ ಎಂಬುದನ್ನೂ ಮಿಲ್ಲನು ಸ್ಪಷ್ಟಪಡಿಸಿದ್ದಾನೆ. ತನ್ನ ಸೂತ್ರಕ್ಕೆ ನಿದರ್ಶನಗಳನ್ನು ಕೊಡುವಾಗ ಅವನು ಎತ್ತಿಕೊಂಡುದು ಮೂರು ವಿಷಯಗಳನ್ನು: ಅಮೆರಿಕದ ಮೇಯ್ನ್ ಸಂಸ್ಥಾನವು 1851ರಲ್ಲಿ ಮಾಡಿದ ಪಾನನಿರೋಧ ಶಾಸನ, ಚೀನಾ ದೇಶಕ್ಕೆ ಅಫೀಮಿನ ಆಮದನ್ನು ನಿಷೇಧಿಸಿದುದು, ವಿಷವಸ್ತುಗಳ ಮಾರಾಟದ ಮೇಲಣ ನಿರ್ಬಂಧ. ಇವೆಲ್ಲ ಮಾರುವವನ ಸ್ವಾತಂತ್ರ್ಯಕ್ಕಿಂತಲೂ ಕೊಳ್ಳುವವನ ಸ್ವಾತಂತ್ರ್ಯವನ್ನು ಕುಂದಿಸುತ್ತವೆ ಎಂಬುದು ಅವನ ಆಕ್ಷೇಪ.

ಆದರೆ ಮಿಲ್ಲನ ವಿಚಾರ ಅವನ ಅನುಯಾಯಿಗಳು ಭಾವಿಸುವಷ್ಟು ಒರಟಾದುದಲ್ಲ. ವಿಷದ ಸೀಸೆಯ ಮೇಲೆ ಅದು ಅಪಾಯಕಾರಿಯೆಂಬ ಚೀಟಿ ಇರಬೇಕೆಂದೂ, ಕೊಂಡವನ ಹೆಸರು, ಕೊಂಡ ಉದ್ದೇಶ ಮುಂತಾದುವನ್ನು ಬರೆದಿಡುವಂತೆ ವಿಧಿಸಬಹುದೆಂದೂ ಅವನು ಒಪ್ಪುತ್ತಾನೆ. ಕುಡಿದ ಅಮಲಿನಲ್ಲಿ ಒಮ್ಮೆ ಹಿಂಸೆಯೆಸಗಿ ಶಿಕ್ಷೆ ಹೊಂದಿದವನ ಮೇಲೆ ವಿಶೇಷ ನಿರ್ಬಂಧವನ್ನು ಹೇರುವುದು ನ್ಯಾಯವೆನ್ನುತ್ತಾನೆ. ಎಲ್ಲಕ್ಕಿಂತ ಮಿಗಿಲಾಗಿ, ಇತರರ ದೌರ್ಬಲ್ಯವೇ ತನ್ನ ಲಾಭಕ್ಕೆ ಮೂಲವಾಗಿರುವ ಮಾರಾಟಗಾರನನ್ನು ಬಳಸುವವನಂತೆಯೇ ಸ್ವತಂತ್ರನಾಗಿ ಬಿಡಬೇಕೆ ಎಂಬ ಪ್ರಶ್ನೆಯಲ್ಲಿ ಎರಡು ಪಕ್ಷಗಳಿಗೂ ವಾದವುಂಟೆಂದು ಅವನು ಅಳುಕಿನಿಂದಲೇ ಹೇಳುತ್ತಾನೆ. ಈ ಅಳುಕನ್ನು ನಾವು ನೆನಪಿನಲ್ಲಿಡಬೇಕು. ಮುಂದಿನ ಇತಿಹಾಸವೆಲ್ಲ ಇದರ ಸುತ್ತಲೇ ತಿರುಗುತ್ತದೆ.

ಇಲ್ಲಿ ಮತ್ತೊಂದು ಸಂಗತಿಯೂ ಗಮನಾರ್ಹ. ಮಿಲ್ಲನು 1823ರಿಂದ 1858ರವರೆಗೆ ಈಸ್ಟ್ ಇಂಡಿಯಾ ಕಂಪೆನಿಯ ಲಂಡನ್ ಕಚೇರಿಯಲ್ಲಿ ಉದ್ಯೋಗಿಯಾಗಿದ್ದನು. ಚೀನಾ ದೇಶಕ್ಕೆ ಹೋಗುತ್ತಿದ್ದ ಅಫೀಮಿನ ಒಂದು ದೊಡ್ಡ ಭಾಗ ಆ ಕಂಪೆನಿಯ ಬಂಗಾಳದ ಏಕಸ್ವಾಮ್ಯದಲ್ಲಿಯೇ ತಯಾರಾಗುತ್ತಿದ್ದಿತು. ಆ ಏಕಸ್ವಾಮ್ಯವು 1773ರಷ್ಟು ಹಿಂದೆಯೇ ಸ್ಥಾಪಿತವಾಗಿದ್ದಿತು. 1839ರಲ್ಲಿ ಚೀನೀ ಅಧಿಕಾರಿ ಲಿನ್ ಝೆಷು ಇಪ್ಪತ್ತು ಸಾವಿರಕ್ಕೂ ಮಿಕ್ಕ ಅಫೀಮಿನ ಪೆಟ್ಟಿಗೆಗಳನ್ನು ನಾಶಮಾಡಿಸಿದಾಗ ಯುದ್ಧವೇ ನಡೆಯಿತು. ಮಿಲ್ಲನ ಮತವು ಅವನ ಉದ್ಯೋಗದಿಂದ ಹುಟ್ಟಿತೆಂದು ನಾವು ಹೇಳುವುದಿಲ್ಲ. ಆದರೆ ಕೊಳ್ಳುವವನ ಸ್ವಾತಂತ್ರ್ಯವೆಂಬ ಮಾತನ್ನು ತತ್ತ್ವಜ್ಞನೂ ಆಡಬಹುದು, ಏಕಸ್ವಾಮ್ಯದ ವರ್ತಕನೂ ಆಡಬಹುದು ಎಂಬುದಕ್ಕೆ ಈ ಪ್ರಸಂಗ ಸಾಕ್ಷಿಯಾಗಿದೆ.

ಮಿಲ್ಲನಿಗೆ ಅತ್ಯಂತ ಪ್ರಬಲವಾದ ಉತ್ತರವನ್ನು ಕೊಟ್ಟವನಿಗೂ ನಮ್ಮ ದೇಶಕ್ಕೂ ನಿಕಟವಾದ ಸಂಬಂಧವಿತ್ತು. ಜೇಮ್ಸ್ ಫಿಟ್ಸ್‌ಜೇಮ್ಸ್ ಸ್ಟೀಫನ್ನನು 1869ರಿಂದ 1872ರವರೆಗೆ ವೈಸರಾಯರ ಮಂತ್ರಾಲೋಚನ ಸಭೆಯಲ್ಲಿ ಶಾಸನ ಸದಸ್ಯನಾಗಿದ್ದು, 1872ರ ಭಾರತೀಯ ಸಾಕ್ಷ್ಯ ಶಾಸನವನ್ನು ರಚಿಸಿದವನು. ಸ್ವದೇಶಕ್ಕೆ ಹಿಂದಿರುಗಿದ ಮೇಲೆ 1873ರಲ್ಲಿ ಅವನು ಪ್ರಕಟಿಸಿದ ಗ್ರಂಥವು ಮಿಲ್ಲನ ಸಿದ್ಧಾಂತದ ಖಂಡನೆಯೇ ಆಗಿದೆ. ಸ್ವಂತಕ್ಕೆ ಸಂಬಂಧಿಸಿದ ಕಾರ್ಯ, ಪರರಿಗೆ ಸಂಬಂಧಿಸಿದ ಕಾರ್ಯ ಎಂಬ ವಿಭಾಗವೇ ನಿಲ್ಲತಕ್ಕುದಲ್ಲವೆಂದೂ, ಘೋರವಾದ ದುರ್ವ್ಯಸನಗಳನ್ನು ದಂಡಿಸುವುದು ಶಾಸನದ ನ್ಯಾಯವಾದ ಉದ್ದೇಶಗಳಲ್ಲಿ ಒಂದೆಂದೂ ಅವನು ವಾದಿಸಿದನು. ಆದರೆ ಅವನೂ ಒಂದು ಮಿತಿಯನ್ನು ಹಾಕಿಕೊಂಡನು. ದಂಡಶಾಸನವೆಂಬುದು ಒರಟಾದ ಆಯುಧ. ಅದರಿಂದಾಗುವ ಕೇಡು ಅದು ತಡೆಯುವ ಕೇಡಿಗಿಂತ ಹೆಚ್ಚಾಗದಂತೆ ನೋಡಿಕೊಳ್ಳಬೇಕೆಂದನು. ಹೀಗೆ ತತ್ತ್ವದಲ್ಲಿ ಎದುರಾಳಿಗಳಾದ ಇಬ್ಬರೂ ವ್ಯವಹಾರಕ್ಕೆ ಬಂದಾಗ ಪರಿಣಾಮಗಳನ್ನು ತೂಗಿನೋಡಬೇಕೆಂಬ ಒಂದೇ ಸ್ಥಾನಕ್ಕೆ ಬಂದು ನಿಲ್ಲುತ್ತಾರೆ.

ಅಮೆರಿಕದಲ್ಲಿ ಇದೇ ಕಾಲಕ್ಕೆ ಲೈಸಾಂಡರ್ ಸ್ಪೂನರನು 1875ರಲ್ಲಿ ದುರ್ವ್ಯಸನಕ್ಕೂ ಅಪರಾಧಕ್ಕೂ ಇರುವ ಭೇದವನ್ನು ಇನ್ನೂ ಕಟುವಾಗಿ ಪ್ರತಿಪಾದಿಸಿದನು. ಪರರ ದೇಹಕ್ಕಾಗಲಿ ಸ್ವತ್ತಿಗಾಗಲಿ ಕೇಡು ಮಾಡಬೇಕೆಂಬ ಸಂಕಲ್ಪವಿಲ್ಲದೆ ಅಪರಾಧವೇ ಇಲ್ಲವೆಂಬುದು ಅವನ ವಾದ. ಇಪ್ಪತ್ತನೆಯ ಶತಮಾನದ ಸ್ವಾತಂತ್ರ್ಯವಾದಿಗಳು ಮಿಲ್ಲನ ಅಳುಕನ್ನು ಬಿಟ್ಟು ಸ್ಪೂನರನ ನಿಶ್ಚಯವನ್ನು ಹಿಡಿದರೆಂದರೆ ತಪ್ಪಾಗಲಾರದು.

ಭಾರತದ ಒಂದು ವಿಚಾರಣೆ

ಇವರ ವಾದಗಳು ಗ್ರಂಥಗಳಲ್ಲಿ ನಡೆಯುತ್ತಿದ್ದಾಗ, ವಿಷಯವನ್ನು ಪ್ರತ್ಯಕ್ಷ ಸಾಕ್ಷ್ಯದಿಂದ ನಿರ್ಧರಿಸಲು ನಡೆದ ಮೊದಲ ದೊಡ್ಡ ಪ್ರಯತ್ನಗಳಲ್ಲಿ ಒಂದು ಭಾರತದಲ್ಲಿಯೇ ನಡೆಯಿತು. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದ್ದ ಪ್ರಶ್ನೆಯ ಫಲವಾಗಿ 1893ರಲ್ಲಿ ನೇಮಕವಾದ ಭಾರತೀಯ ಗಾಂಜಾ ವಿಚಾರಣಾ ಆಯೋಗವು ಮೂವರು ಭಾರತೀಯರೂ ಸೇರಿದಂತೆ ಏಳು ಜನರನ್ನೊಳಗೊಂಡಿದ್ದಿತು. ಅದು 1,193 ಸಾಕ್ಷಿಗಳ ಹೇಳಿಕೆಗಳನ್ನು ಪಡೆದು 1894ರಲ್ಲಿ ವರದಿಯನ್ನು ಒಪ್ಪಿಸಿತು. ವೈದ್ಯರು, ಅಬಕಾರಿ ಅಧಿಕಾರಿಗಳು, ಬೆಳೆಗಾರರು, ಸಾಧುಗಳು ಮೊದಲಾದ ಹಲವು ವರ್ಗದವರ ಅಭಿಪ್ರಾಯಗಳು ಅದರಲ್ಲಿ ಅಡಕವಾಗಿವೆ. ಗಾಂಜಾದಿಂದ ಹುಚ್ಚು ಹಿಡಿಯುವುದೆಂದು ಆಸ್ಪತ್ರೆಗಳ ದಾಖಲೆಗಳಲ್ಲಿದ್ದ ಅನೇಕ ಪ್ರಕರಣಗಳನ್ನು ಆಯೋಗವು ಮರುಪರಿಶೀಲಿಸಿ, ಆ ದಾಖಲೆಗಳಲ್ಲಿ ಬಹುಪಾಲು ವಿಶ್ವಾಸಾರ್ಹವಲ್ಲವೆಂದು ಕಂಡುಕೊಂಡಿತು.

ಆಯೋಗದ ನಿರ್ಣಯ ಹೀಗಿತ್ತು: ಮಿತವಾದ ಬಳಕೆಯಿಂದ ಹೇಳತಕ್ಕಷ್ಟು ಕೆಡುಕಿಲ್ಲ, ಅತಿಯಾದ ಬಳಕೆ ಹಾನಿಕರ, ಸಂಪೂರ್ಣ ನಿಷೇಧವನ್ನು ವಿಧಿಸಿದರೆ ಕಳ್ಳಸಾಗಣೆ ಬೆಳೆಯುವುದು, ಜನರು ದತ್ತೂರಿ, ಸಾರಾಯಿ ಮೊದಲಾದ ಇನ್ನೂ ಕೆಟ್ಟ ಪದಾರ್ಥಗಳ ಕಡೆಗೆ ತಿರುಗುವರು. ಆದುದರಿಂದ ತೆರಿಗೆ, ಪರವಾನಗಿ, ಬೆಳೆಯ ನಿಯಂತ್ರಣ, ಅಂಗಡಿಗಳ ಮಿತಿ ಇವುಗಳಿಂದ ಅತಿಬಳಕೆಯನ್ನು ತಗ್ಗಿಸಬೇಕೆಂದು ಅದು ಶಿಫಾರಸು ಮಾಡಿತು. ಇದು ಸ್ವಾತಂತ್ರ್ಯವಾದವಲ್ಲ, ಅಬಕಾರಿ ವರಮಾನದ ಹಿತವೂ ಇದರ ಹಿಂದೆ ಇದ್ದಿತೆಂಬುದನ್ನು ಮರೆಯಲಾಗದು. ಆದರೂ ನಿಷೇಧದಿಂದ ಜನರು ಬೇರೆ ವಸ್ತುವಿಗೆ ತಿರುಗುವರೆಂಬ ಈ ತರ್ಕವು ಮುಂದೆ ಅಮೆರಿಕದಲ್ಲಿ ಮತ್ತೆ ಮತ್ತೆ ಕೇಳಿಬಂದಿತು.

ಅಮೆರಿಕದ ಎರಡು ನಿಷೇಧಗಳು

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮಾದಕ ವಸ್ತುಗಳ ಕೇಂದ್ರೀಯ ಶಾಸನವು 1914ರ ಹ್ಯಾರಿಸನ್ ಶಾಸನದಿಂದ ಮೊದಲಾಯಿತೆನ್ನಬಹುದು. ರೂಪದಲ್ಲಿ ಅದು ತೆರಿಗೆಯ ಶಾಸನ. ಅಫೀಮು ಮತ್ತು ಕೋಕಾ ಎಲೆಯ ಉತ್ಪನ್ನಗಳನ್ನು ಮಾರುವ ವರ್ತಕರೂ ವೈದ್ಯರೂ ಹೆಸರು ದಾಖಲು ಮಾಡಿಸಿ ಲೆಕ್ಕವಿಡಬೇಕೆಂದು ಅದು ವಿಧಿಸಿತು. ಆದರೆ 1919ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ವ್ಯಸನಿಯ ಚಟವನ್ನು ಮುಂದುವರಿಸುವುದಕ್ಕಾಗಿ ವೈದ್ಯನು ಬರೆದುಕೊಡುವ ಚೀಟಿಯು ವೈದ್ಯವೃತ್ತಿಯ ಚೀಟಿಯೇ ಅಲ್ಲವೆಂದು ತೀರ್ಮಾನಿಸಿತು. ಹಲವು ನಗರಗಳಲ್ಲಿ ವ್ಯಸನಿಗಳಿಗಾಗಿ ತೆರೆದಿದ್ದ ಚಿಕಿತ್ಸಾಲಯಗಳು ಕೆಲವೇ ವರ್ಷಗಳಲ್ಲಿ ಮುಚ್ಚಿಹೋದುವು. ನಿನ್ನೆಯವರೆಗೆ ರೋಗಿಯಾಗಿದ್ದವನು ಈಗ ಕಾಳಸಂತೆಯ ಗಿರಾಕಿಯಾದನು.

ಇದೇ ಸಮಯಕ್ಕೆ ಬ್ರಿಟನ್ ಬೇರೊಂದು ಮಾರ್ಗವನ್ನು ಹಿಡಿಯಿತು. 1926ರಲ್ಲಿ ರೋಲ್‌ಸ್ಟನ್ ಸಮಿತಿಯು ಬೇರೆ ದಾರಿಯಿಲ್ಲದ ವ್ಯಸನಿಗಳಿಗೆ ವೈದ್ಯನು ಮಿತವಾಗಿ ಔಷಧವನ್ನು ಕೊಡುತ್ತಿರಬಹುದೆಂದು ಹೇಳಿತು. 1960ರ ದಶಕದ ಆರಂಭದವರೆಗೂ ಅಲ್ಲಿನ ಸರ್ಕಾರಕ್ಕೆ ತಿಳಿದಿದ್ದ ವ್ಯಸನಿಗಳ ಸಂಖ್ಯೆ ಸಾವಿರವನ್ನು ಮುಟ್ಟಿರಲಿಲ್ಲ. ಸ್ವಾತಂತ್ರ್ಯವಾದಿಗಳು ಈ ನಿದರ್ಶನವನ್ನು ತಮ್ಮ ಪಕ್ಷಕ್ಕೆ ಸಾಕ್ಷ್ಯವಾಗಿ ಎತ್ತಿಹಿಡಿಯುವುದುಂಟು. ಆದರೆ ಮೃದುವಾದ ಶಾಸನದಿಂದ ವ್ಯಸನಿಗಳು ಕಡಿಮೆಯಾಗಿದ್ದರೊ, ವ್ಯಸನಿಗಳು ಕಡಿಮೆಯಾಗಿದ್ದುದರಿಂದ ಮೃದುವಾದ ಶಾಸನ ಸಾಧ್ಯವಾಯಿತೊ ಎಂಬುದನ್ನು ಇತಿಹಾಸಕಾರನು ಕೇಳಲೇಬೇಕು. 1960ರ ದಶಕದಲ್ಲಿ ಬೆರಳೆಣಿಕೆಯ ವೈದ್ಯರು ಮಿತಿಮೀರಿ ಔಷಧವನ್ನು ಬರೆದುಕೊಟ್ಟಾಗ ವ್ಯಸನಿಗಳ ಸಂಖ್ಯೆ ವೇಗವಾಗಿ ಏರಿ, 1967ರಲ್ಲಿ ಆ ಅಧಿಕಾರವನ್ನು ವಿಶೇಷ ಪರವಾನಗಿ ಪಡೆದ ವೈದ್ಯರಿಗೆ ಮಾತ್ರ ಸೀಮಿತಗೊಳಿಸಬೇಕಾಯಿತು.

ಎರಡನೆಯ ನಿಷೇಧ ಮದ್ಯಕ್ಕೆ ಸಂಬಂಧಿಸಿದುದು. ಅಮೆರಿಕದ ಸಂವಿಧಾನದ ಹದಿನೆಂಟನೆಯ ತಿದ್ದುಪಡಿಯು 1920ರ ಜನವರಿಯಲ್ಲಿ ಜಾರಿಗೆ ಬಂದು, 1933ರ ಡಿಸೆಂಬರ್ 5ರಂದು ಇಪ್ಪತ್ತೊಂದನೆಯ ತಿದ್ದುಪಡಿಯಿಂದ ರದ್ದಾಯಿತು. ಈ ಹದಿಮೂರು ಚಿಲ್ಲರೆ ವರ್ಷಗಳ ಅನುಭವವೇ ಇಂದಿಗೂ ಎರಡು ಪಕ್ಷದವರಿಗೂ ಸಾಕ್ಷ್ಯಗಳ ಭಂಡಾರವಾಗಿದೆ. ಷಿಕಾಗೋ ನಗರದ ಅಲ್ ಕಪೋನನ ತಂಡದಂಥ ತಂಡಗಳು ಮದ್ಯದ ವ್ಯಾಪಾರದಿಂದ ಅಪಾರ ಧನವನ್ನು ಗಳಿಸಿದುವು. 1929ರ ಫೆಬ್ರುವರಿ 14ರಂದು ಆ ನಗರದಲ್ಲಿ ಏಳು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದರು. ಕಪೋನನಿಗೆ 1931ರಲ್ಲಿ ಶಿಕ್ಷೆಯಾದುದು ಕೊಲೆಗಾಗಿ ಅಲ್ಲ, ಆದಾಯ ತೆರಿಗೆಯನ್ನು ತಪ್ಪಿಸಿದುದಕ್ಕಾಗಿ. ಪೊಲೀಸರಲ್ಲಿಯೂ ನ್ಯಾಯಸ್ಥಾನಗಳಲ್ಲಿಯೂ ಲಂಚವು ಹರಡಿತು. ಇದು ಒಂದು ಮುಖ.

ಮತ್ತೊಂದು ಮುಖವನ್ನು ಸ್ವಾತಂತ್ರ್ಯವಾದಿಗಳು ಸಾಮಾನ್ಯವಾಗಿ ಹೇಳುವುದಿಲ್ಲ. ನಿಷೇಧದ ಆರಂಭದಲ್ಲಿ ಮದ್ಯದ ಬಳಕೆ ಹಿಂದಿನ ಪ್ರಮಾಣದ ಮೂರನೆಯ ಒಂದು ಭಾಗಕ್ಕೆ ಇಳಿದು, ಕೆಲವು ವರ್ಷಗಳಲ್ಲಿ ಮತ್ತೆ ಏರಿದರೂ ಹಿಂದಿನದರ ಶೇಕಡ 60ರಿಂದ 70ರ ಮಟ್ಟದಲ್ಲಿಯೇ ನಿಂತಿತೆಂದು ಅರ್ಥಶಾಸ್ತ್ರಜ್ಞರು ಅಂದಾಜು ಮಾಡಿದ್ದಾರೆ. ಕುಡಿತದಿಂದ ಬರುವ ಯಕೃತ್ತಿನ ರೋಗದ ಮರಣಗಳೂ 1910ರ ಸುಮಾರಿನಲ್ಲಿದ್ದುದಕ್ಕಿಂತ ಬಹಳ ಕಡಿಮೆಯಾದುವು. ಎಂದರೆ ನಿಷೇಧವು ಕುಡಿತವನ್ನು ತಗ್ಗಿಸಿತು, ಅಪರಾಧವನ್ನು ಹೆಚ್ಚಿಸಿತು. ಇವೆರಡೂ ನಿಜ. ಒಂದನ್ನು ಮಾತ್ರ ಹೇಳುವವನು ಅರ್ಧ ಇತಿಹಾಸವನ್ನು ಹೇಳಿದಂತಾಗುತ್ತದೆ.

ಇನ್ನೊಂದು ಸೂಕ್ಷ್ಮವನ್ನೂ ಇಲ್ಲಿ ಗಮನಿಸಬೇಕು. ಹದಿನೆಂಟನೆಯ ತಿದ್ದುಪಡಿಯು ಮದ್ಯದ ತಯಾರಿಕೆ, ಮಾರಾಟ, ಸಾಗಣೆಗಳನ್ನು ನಿಷೇಧಿಸಿತೇ ಹೊರತು ಕುಡಿಯುವುದನ್ನೇ ಅಪರಾಧವೆಂದು ಹೇಳಲಿಲ್ಲ. ಮುಂದೆ ಮಾದಕ ವಸ್ತುಗಳ ವಿಷಯದಲ್ಲಿಯಾದರೊ, ವಸ್ತುವನ್ನು ಇಟ್ಟುಕೊಂಡಿರುವುದೇ ದಂಡಾರ್ಹವಾಯಿತು. ಮದ್ಯನಿಷೇಧಕ್ಕಿಂತ ಇದು ಕಠಿಣತರವಾದ ಶಾಸನವೆಂಬುದು ಸ್ಪಷ್ಟ.

1971ರಿಂದ 1990ರವರೆಗಿನ ವಾಗ್ವಾದ

1970ರಲ್ಲಿ ಅಮೆರಿಕದ ಕಾಂಗ್ರೆಸ್ಸು ಹಿಂದಿನ ಶಾಸನಗಳನ್ನೆಲ್ಲ ಒಟ್ಟುಗೂಡಿಸಿ ನಿಯಂತ್ರಿತ ವಸ್ತುಗಳ ಶಾಸನವನ್ನು ಮಾಡಿತು. 1971ರ ಜೂನ್ 17ರಂದು ಅಧ್ಯಕ್ಷ ನಿಕ್ಸನ್ ಅವರು ಮಾದಕ ವಸ್ತುಗಳ ದುರ್ಬಳಕೆಯನ್ನು ದೇಶದ ಮೊದಲನೆಯ ಶತ್ರುವೆಂದು ಸಾರಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಲಿಬರ್ಟೇರಿಯನ್ ಪಕ್ಷವು ಕೊಲರಾಡೊ ಸಂಸ್ಥಾನದಲ್ಲಿ ಸ್ಥಾಪಿತವಾಯಿತು. ಹೀಗೆ ಎರಡು ಪಕ್ಷಗಳೂ ಒಂದೇ ವರ್ಷದಲ್ಲಿ ರಣರಂಗಕ್ಕೆ ಇಳಿದಂತಾಯಿತು.

1972ರ ಮೇ ತಿಂಗಳಲ್ಲಿ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ಅವರು ನ್ಯೂಸ್‌ವೀಕ್ ಪತ್ರಿಕೆಯಲ್ಲಿ ಬರೆದ ಒಂದು ಪುಟದ ಲೇಖನವು ಈ ವಿವಾದದಲ್ಲಿ ಮೈಲಿಗಲ್ಲಾಗಿದೆ. ನಾವು ಪೀಠಿಕೆಯಲ್ಲಿ ಹೇಳಿದ ಎರಡು ಪ್ರಶ್ನೆಗಳನ್ನು ಅವರು ಬೇರ್ಪಡಿಸಿಯೇ ಚರ್ಚಿಸಿದರು. ನೀತಿಯ ದೃಷ್ಟಿಯಿಂದ, ವಯಸ್ಕನಿಗೆ ಬುದ್ಧಿ ಹೇಳಬಹುದೇ ಹೊರತು ಬಲವಂತ ಮಾಡಲಾಗದು. ಉಪಯುಕ್ತತೆಯ ದೃಷ್ಟಿಯಿಂದ, ನಿಷೇಧವು ವಸ್ತುವಿನ ಬೆಲೆಯನ್ನು ಏರಿಸಿ, ವ್ಯಸನಿಯನ್ನು ಕಳ್ಳತನಕ್ಕೆ ದೂಡಿ, ಪೊಲೀಸರನ್ನು ಲಂಚಕೋರರನ್ನಾಗಿಸಿ, ಮಾರಾಟಗಾರನಿಗೆ ಹೊಸ ಗಿರಾಕಿಗಳನ್ನು ಹುಡುಕುವ ಆಸೆ ಹುಟ್ಟಿಸುತ್ತದೆ. ಅನಂತರ 1974ರಲ್ಲಿ ರಾಬರ್ಟ್ ನೋಜಿಕ್ ಅವರು ಕನಿಷ್ಠ ಪ್ರಭುತ್ವದ ಸಿದ್ಧಾಂತವನ್ನು ಮಂಡಿಸಿದರು. ಮನೋವೈದ್ಯ ಥಾಮಸ್ ಸಾಸ್ ಅವರು ಅದೇ ವರ್ಷ ಪ್ರಕಟಿಸಿದ ಗ್ರಂಥದಲ್ಲಿ, ವ್ಯಸನವನ್ನು ರೋಗವೆಂದು ಕರೆಯುವುದೇ ತಪ್ಪೆಂದೂ, ವೈದ್ಯಕೀಯದ ಹೆಸರಿನಲ್ಲಿ ನಡೆಯುವ ಬಲವಂತವೂ ಬಲವಂತವೇ ಎಂದೂ ವಾದಿಸಿದರು.

ವಿರೋಧ ಪಕ್ಷದಲ್ಲಿ ಗಣ್ಯರಾದವರು ರಾಜ್ಯಶಾಸ್ತ್ರಜ್ಞ ಜೇಮ್ಸ್ ಕ್ಯೂ. ವಿಲ್ಸನ್ ಅವರು. ಫ್ರೀಡ್‌ಮನ್ ಅವರ ಲೇಖನ ಹೊರಬಂದ 1972ರಲ್ಲಿಯೇ ವಿಲ್ಸನ್ ಅವರು ಮಾದಕ ವಸ್ತುಗಳ ನಿವಾರಣೆಯ ರಾಷ್ಟ್ರೀಯ ಸಲಹಾಮಂಡಲಿಯ ಅಧ್ಯಕ್ಷರಾಗಿ ನೇಮಕಗೊಂಡಿದ್ದರು. 1990ರ ಫೆಬ್ರುವರಿಯಲ್ಲಿ ಕಾಮೆಂಟರಿ ಪತ್ರಿಕೆಯಲ್ಲಿ ಅವರು ಬರೆದ ಲೇಖನದ ತಿರುಳು ಇದು: ಬೆಲೆ ಇಳಿದು, ದೊರೆಯುವುದು ಸುಲಭವಾಗಿ, ಲೋಕಾಪವಾದದ ಭಯವೂ ಹೋದರೆ ಬಳಸುವವರ ಸಂಖ್ಯೆ ಏರಿಯೇ ಏರುತ್ತದೆ. ಈ ಏರಿಕೆಯ ಭಾರವನ್ನು ಹೊರುವವರು ವ್ಯಸನಿಗಳಷ್ಟೇ ಅಲ್ಲ, ಅವರ ಮಕ್ಕಳೂ ನೆರೆಹೊರೆಯವರೂ ಹೊರಬೇಕಾಗುತ್ತದೆ. ತಂಬಾಕು ಆಯುಷ್ಯವನ್ನು ಕುಗ್ಗಿಸುತ್ತದೆ, ಕೊಕೇನ್ ಮನುಷ್ಯನ ವ್ಯಕ್ತಿತ್ವವನ್ನೇ ಕೆಡಿಸುತ್ತದೆ ಎಂಬ ಭೇದವನ್ನು ಅವರು ಮಾಡಿದರು. ಸ್ಟೀಫನ್ನನ ದನಿಯೇ ಇಲ್ಲಿ ಮತ್ತೆ ಕೇಳಿಬರುತ್ತದೆ.

ಒಂದೇ ಸಾಕ್ಷ್ಯವು ಎರಡು ಪಕ್ಷಗಳಿಗೂ ಹೇಗೆ ಒದಗುತ್ತದೆಂಬುದಕ್ಕೆ ವಿಯೆಟ್ನಾಂ ಯುದ್ಧದ ಸೈನಿಕರ ಪ್ರಸಂಗವು ಉತ್ತಮ ನಿದರ್ಶನ. ಅಲ್ಲಿದ್ದಾಗ ಹೆರಾಯಿನ್‌ಗೆ ದಾಸರಾಗಿದ್ದ ಸೈನಿಕರಲ್ಲಿ ಬಹುಮಂದಿ ಸ್ವದೇಶಕ್ಕೆ ಬಂದ ಮೇಲೆ ಚಟವನ್ನು ಬಿಟ್ಟರೆಂದು ಲೀ ರಾಬಿನ್ಸ್ ಅವರ ಅಧ್ಯಯನವು ತೋರಿಸಿತು. ಚಟವು ಬಿಡಲಾರದ ಬಂಧನವಲ್ಲ, ಮನುಷ್ಯನ ಇಚ್ಛೆಗೆ ಇನ್ನೂ ಎಡೆಯುಂಟು ಎಂದು ಸ್ವಾತಂತ್ರ್ಯವಾದಿಗಳು ಇದರಿಂದ ತೀರ್ಮಾನಿಸಬಹುದು. ವಿಲ್ಸನ್ ಅವರಾದರೊ, ಸ್ವದೇಶದಲ್ಲಿ ವಸ್ತುವು ದುಬಾರಿಯೂ ಅಪಾಯಕರವೂ ಆಗಿದ್ದುದರಿಂದಲೇ ಅವರು ಬಿಟ್ಟರು ಎಂದು ಅರ್ಥಮಾಡಿದರು. ಎರಡು ಅರ್ಥಗಳೂ ಸುಸಂಗತವೇ. ಸಾಕ್ಷ್ಯವು ತಾನಾಗಿಯೇ ತೀರ್ಪನ್ನು ಕೊಡುವುದಿಲ್ಲ.

ಅಪರಾಧದ ಮೂರು ಬಗೆಗಳು

ಮಾದಕ ವಸ್ತುಗಳಿಂದ ಅಪರಾಧ ಹುಟ್ಟುತ್ತದೆ ಎಂಬ ಮಾತು ಸಾಮಾನ್ಯವಾಗಿ ಕೇಳಿಬರುವುದಾದರೂ ಅದರ ಅರ್ಥವನ್ನು ಬಿಡಿಸಿ ನೋಡಿದವರು ವಿರಳ. 1985ರಲ್ಲಿ ಪಾಲ್ ಗೋಲ್ಡ್‌ಸ್ಟೀನ್ ಅವರು ಈ ಸಂಬಂಧವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಮೊದಲನೆಯದು ಅಮಲೇರಿದವನು ಬುದ್ಧಿ ಕೆಟ್ಟು ಎಸಗುವ ಹಿಂಸೆ. ಎರಡನೆಯದು ವಸ್ತುವನ್ನು ಕೊಳ್ಳಲು ಹಣವಿಲ್ಲದೆ ಮಾಡುವ ಕಳವು, ಸುಲಿಗೆ. ಮೂರನೆಯದು ವ್ಯಾಪಾರದ ಹಿಂಸೆ: ಮಾರುವ ಜಾಗಕ್ಕಾಗಿ ತಂಡಗಳ ನಡುವೆ ನಡೆಯುವ ಕದನ, ಸಾಲ ತೀರಿಸದವನ ಕೊಲೆ, ಸುಳಿವು ಕೊಟ್ಟವನ ಮೇಲೆ ಸೇಡು. ನ್ಯಾಯಾಲಯಕ್ಕೆ ಹೋಗಲಾಗದ ವ್ಯಾಪಾರದಲ್ಲಿ ಕರಾರನ್ನು ಪಾಲಿಸುವಂತೆ ಮಾಡುವುದು ಬಂದೂಕು ಮಾತ್ರ. ಅವರೂ ಅವರ ಸಂಗಡಿಗರೂ 1988ರಲ್ಲಿ ನ್ಯೂಯಾರ್ಕ್ ನಗರದ ಕೊಲೆಗಳನ್ನು ಪರಿಶೀಲಿಸಿದಾಗ, ಮಾದಕ ವಸ್ತುಗಳಿಗೆ ಸಂಬಂಧಿಸಿದ ಕೊಲೆಗಳಲ್ಲಿ ಬಹುಪಾಲು ಈ ಮೂರನೆಯ ಬಗೆಯವೆಂದು ಕಂಡುಬಂದಿತು.

ಈ ವಿಂಗಡಣೆಯು ನಮ್ಮ ವಿವಾದಕ್ಕೆ ದೀಪವನ್ನು ಹಿಡಿಯುತ್ತದೆ. ನಿಷೇಧವನ್ನು ತೆಗೆದರೆ ಮೂರನೆಯ ಬಗೆಯ ಅಪರಾಧ ತಗ್ಗುವುದರಲ್ಲಿ ಸಂದೇಹವಿಲ್ಲ. ಬೆಲೆ ಇಳಿದರೆ ಎರಡನೆಯದೂ ತಗ್ಗಬಹುದು. ಆದರೆ ಬಳಕೆ ಹೆಚ್ಚಿದರೆ ಮೊದಲನೆಯದು ಏರಬಹುದು. ಮದ್ಯವು ಶಾಸನಸಮ್ಮತವಾಗಿರುವ ದೇಶಗಳಲ್ಲಿ ಮದ್ಯದ ವ್ಯಾಪಾರಿಗಳು ಒಬ್ಬರನ್ನೊಬ್ಬರು ಕೊಲ್ಲುವುದಿಲ್ಲ. ಕುಡಿದವರು ಮಾತ್ರ ಹೆಂಡಿರುಮಕ್ಕಳನ್ನು ಹೊಡೆಯುವುದು ನಿಂತಿಲ್ಲ. ಫ್ರೀಡ್‌ಮನ್ ಅವರು ನೋಡಿದುದು ಬೀದಿಯ ಹಿಂಸೆಯನ್ನು, ವಿಲ್ಸನ್ ಅವರು ನೋಡಿದುದು ಮನೆಯೊಳಗಿನ ಕೇಡನ್ನು. ವಾದವು ಮುಗಿಯದಿರುವುದಕ್ಕೆ ಇದೂ ಒಂದು ಕಾರಣ.

ಶಿಕ್ಷೆಯನ್ನು ಉಗ್ರಗೊಳಿಸುವುದರಿಂದ ಅಪರಾಧ ನಿವಾರಣೆಯಾಗುವುದೆಂಬ ನಂಬಿಕೆಗೆ ಮಾತ್ರ ಇತಿಹಾಸವು ಹೆಚ್ಚಿನ ಬೆಂಬಲವನ್ನು ಕೊಡುವುದಿಲ್ಲ. 1973ರಲ್ಲಿ ನ್ಯೂಯಾರ್ಕ್ ಸಂಸ್ಥಾನವು ರಾಜ್ಯಪಾಲ ರಾಕ್‌ಫೆಲರ್ ಅವರ ಒತ್ತಾಸೆಯಿಂದ, ಕೆಲವೇ ಔನ್ಸುಗಳಷ್ಟು ಹೆರಾಯಿನ್ ಇದ್ದವನಿಗೂ ಹದಿನೈದು ವರ್ಷದಿಂದ ಜೀವಾವಧಿಯವರೆಗಿನ ಸೆರೆಯನ್ನು ವಿಧಿಸುವ ಶಾಸನವನ್ನು ಮಾಡಿತು. ನಗರದ ವಕೀಲರ ಸಂಘವೂ ಮತ್ತೊಂದು ಸಂಸ್ಥೆಯೂ ಸೇರಿ 1977ರಲ್ಲಿ ಪ್ರಕಟಿಸಿದ ಪರಿಶೀಲನೆಯು, ಹೆರಾಯಿನ್ ಬಳಕೆ ಮೊದಲಿನಂತೆಯೇ ಇದೆಯೆಂದೂ, ಮೊಕದ್ದಮೆಗಳು ನಿಧಾನಗೊಂಡುವೆಂದೂ ತಿಳಿಸಿತು. ಶಿಕ್ಷೆಯ ಉಗ್ರತೆಗಿಂತ ಅದರ ನಿಶ್ಚಿತತೆಯೇ ಅಪರಾಧವನ್ನು ತಡೆಯುವುದೆಂದು ಇಟಲಿಯ ಬೆಕಾರಿಯನು 1764ರಲ್ಲಿಯೇ ಹೇಳಿದ್ದನು. ಆ ಮಾತನ್ನು ಮರೆತ ಶಾಸನಕರ್ತರು ಮತ್ತೆ 1986ರಲ್ಲಿ, ಐದು ಗ್ರಾಂ ಕ್ರ್ಯಾಕ್ ಕೊಕೇನಿಗೂ ಐನೂರು ಗ್ರಾಂ ಪುಡಿ ಕೊಕೇನಿಗೂ ಸಮಾನವಾದ ಕನಿಷ್ಠ ಶಿಕ್ಷೆಯನ್ನು ಗೊತ್ತುಮಾಡಿದರು. ಇದರ ಭಾರವು ಹೆಚ್ಚಾಗಿ ಕರಿಯ ಜನಾಂಗದವರ ಮೇಲೆ ಬಿದ್ದಿತು. ಈ ಅಂತರವನ್ನು 2010ರಲ್ಲಿ ನೂರಕ್ಕೆ ಒಂದರಿಂದ ಹದಿನೆಂಟಕ್ಕೆ ಒಂದರಷ್ಟಕ್ಕೆ ಇಳಿಸಲಾಯಿತು. 1980ರಲ್ಲಿ ಆ ದೇಶದಲ್ಲಿ ಮಾದಕ ವಸ್ತುಗಳ ಅಪರಾಧಕ್ಕಾಗಿ ಬಂಧನದಲ್ಲಿದ್ದವರು ಸುಮಾರು 41 ಸಾವಿರ. ಹೊಸ ಶತಮಾನದ ಮೊದಲ ದಶಕದಲ್ಲಿ ಈ ಸಂಖ್ಯೆ ಐದು ಲಕ್ಷದ ಸಮೀಪಕ್ಕೆ ಬಂದಿತು.

ಈಚಿನ ಎರಡು ಪ್ರಯೋಗಗಳು

ಪೋರ್ಚುಗಲ್ ದೇಶವು 2001ರ ಜುಲೈ 1ರಿಂದ, ಹತ್ತು ದಿನಗಳ ಸ್ವಂತ ಬಳಕೆಗೆ ಸಾಕಾಗುವಷ್ಟು ಮಾದಕ ವಸ್ತುವನ್ನು ಇಟ್ಟುಕೊಂಡಿರುವುದನ್ನು ದಂಡಾಪರಾಧಗಳ ಸಾಲಿನಿಂದ ತೆಗೆದುಹಾಕಿತು. ಹಾಗೆ ಸಿಕ್ಕಿದವನನ್ನು ನ್ಯಾಯಾಲಯಕ್ಕೆ ಬದಲಾಗಿ ಮೂವರು ಸದಸ್ಯರ ಒಂದು ಮಂಡಲಿಯ ಮುಂದೆ ಹಾಜರುಪಡಿಸುತ್ತಾರೆ. ಅದು ಅವನನ್ನು ಚಿಕಿತ್ಸೆಯ ಕಡೆಗೆ ತಿರುಗಿಸಲು ಯತ್ನಿಸುತ್ತದೆ. ಬಳಕೆ ಹುಚ್ಚೆದ್ದು ಬೆಳೆಯಲಿಲ್ಲ. ಸೂಜಿಯ ಮೂಲಕ ಹರಡುತ್ತಿದ್ದ ಎಚ್‌ಐವಿ ಸೋಂಕು ಗಣನೀಯವಾಗಿ ತಗ್ಗಿತು. ಸ್ವಾತಂತ್ರ್ಯವಾದಿಗಳು ಇದನ್ನು ತಮ್ಮ ವಿಜಯವೆಂದು ಹೇಳಿಕೊಂಡಿರುವುದುಂಟು. ಆದರೆ ಅಲ್ಲಿ ಮಾರಾಟವು ಇಂದಿಗೂ ಅಪರಾಧವೇ. ಬಳಸುವವನನ್ನು ಅವನ ಪಾಡಿಗೆ ಬಿಡದೆ ಪ್ರಭುತ್ವವು ಹಣವನ್ನು ವೆಚ್ಚಮಾಡಿ ಅವನ ಬೆನ್ನು ಹತ್ತುತ್ತದೆ. ಇದು ಪ್ರಭುತ್ವದ ಹಿಂದೆಗೆತವಲ್ಲ, ಅದರ ಕೆಲಸದ ರೂಪಾಂತರ.

ಅಮೆರಿಕದ ಆರೆಗನ್ ಸಂಸ್ಥಾನವು 2020ರ ನವೆಂಬರಿನಲ್ಲಿ ಜನಮತದ ಮೂಲಕ ಇದೇ ಮಾರ್ಗವನ್ನು ಹಿಡಿಯಿತು. ಸ್ವಲ್ಪ ಪ್ರಮಾಣದ ವಸ್ತುವಿದ್ದವನಿಗೆ ನೂರು ಡಾಲರ್ ಜುಲ್ಮಾನೆ. ದೂರವಾಣಿಯಲ್ಲಿ ಸಲಹೆ ಕೇಳಿದರೆ ಅದೂ ಇಲ್ಲ. ಕರೆ ಮಾಡಿದವರು ಬಹಳ ಸ್ವಲ್ಪ ಮಂದಿ. ಚಿಕಿತ್ಸೆಯ ಏರ್ಪಾಡುಗಳು ಕಾಲಕ್ಕೆ ಸರಿಯಾಗಿ ಸಿದ್ಧವಾಗಲಿಲ್ಲ. ಅದೇ ವೇಳೆಗೆ ಫೆಂಟನಿಲ್ ಎಂಬ ಕೃತಕ ವಸ್ತುವು ಆ ಪ್ರಾಂತವನ್ನು ಹೊಕ್ಕಿತು. ಮರಣಗಳ ಏರಿಕೆಗೆ ಶಾಸನವು ಕಾರಣವೊ, ಫೆಂಟನಿಲ್ ಕಾರಣವೊ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಏಕಾಭಿಪ್ರಾಯವಿಲ್ಲ. ಜನರ ಸಹನೆ ಮಾತ್ರ ತೀರಿತು. 2024ರ ಸೆಪ್ಟೆಂಬರ್ 1ರಿಂದ ಅಲ್ಲಿ ವಸ್ತುವನ್ನು ಇಟ್ಟುಕೊಂಡಿರುವುದು ಮತ್ತೆ ದಂಡಾರ್ಹವಾಯಿತು.

ಫೆಂಟನಿಲ್ಲಿನ ವಿಷಯದಲ್ಲಿ ಎರಡು ಪಕ್ಷಗಳ ವಾದಗಳೂ ತಮ್ಮ ತುದಿಯನ್ನು ಮುಟ್ಟಿವೆ. ಸಾಗಣೆ ಅಪಾಯಕರವಾದಷ್ಟೂ ಕಡಮೆ ತೂಕದ, ಹೆಚ್ಚು ತೀಕ್ಷ್ಣವಾದ ವಸ್ತುವೇ ಕಳ್ಳ ವರ್ತಕನಿಗೆ ಲಾಭಕರ. ಆದುದರಿಂದ ನಿಷೇಧವೇ ಫೆಂಟನಿಲ್ಲನ್ನು ತಂದಿತು ಎಂದು ಒಂದು ಪಕ್ಷ. ಇಂಥ ವಸ್ತುವನ್ನು ಅಂಗಡಿಯಲ್ಲಿ ಮಾರುವುದನ್ನು ಯಾವ ಪ್ರಭುತ್ವವು ತಾನೇ ಊಹಿಸಬಲ್ಲುದು ಎಂದು ಮತ್ತೊಂದು ಪಕ್ಷ. 2021ರಿಂದ 2023ರವರೆಗೆ ಅಮೆರಿಕದಲ್ಲಿ ಮಾದಕ ವಸ್ತುಗಳ ಅತಿಸೇವನೆಯಿಂದ ವರ್ಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಜನರು ಸತ್ತರೆಂಬುದನ್ನು ನೆನೆದಾಗ, ಈ ವಾದದಲ್ಲಿ ಪಣವಾಗಿರುವುದು ಏನೆಂಬುದು ಮನದಟ್ಟಾಗುತ್ತದೆ.

ನಮ್ಮ ದೇಶದ ಶಾಸನ

ಭಾರತದ ಸಂವಿಧಾನದ 47ನೆಯ ವಿಧಿಯು, ಔಷಧಕ್ಕಾಗಿ ಹೊರತು ಮಾದಕ ಪಾನೀಯಗಳ ಮತ್ತು ಆರೋಗ್ಯಕ್ಕೆ ಹಾನಿಕರವಾದ ಮಾದಕ ವಸ್ತುಗಳ ಸೇವನೆಯನ್ನು ನಿಷೇಧಿಸಲು ಪ್ರಭುತ್ವವು ಪ್ರಯತ್ನಿಸಬೇಕೆಂದು ನಿರ್ದೇಶಿಸುತ್ತದೆ. ಮಿಲ್ಲನ ಸೂತ್ರವನ್ನು ನಮ್ಮ ಸಂವಿಧಾನವು ಈ ವಿಷಯದಲ್ಲಿ ಒಪ್ಪಿಲ್ಲವೆಂಬುದು ಇದರಿಂದ ಸ್ಪಷ್ಟ. ಪಾನನಿರೋಧದ ಅನುಭವ ಕನ್ನಡ ನಾಡಿಗೂ ಹೊಸದಲ್ಲ. 1949ರ ಮುಂಬಯಿ ಪಾನನಿರೋಧ ಶಾಸನವು ಅಂದು ಮುಂಬಯಿ ರಾಜ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರದ ಕಡೆಗಳಿಗೂ ಅನ್ವಯಿಸುತ್ತಿದ್ದಿತು.

ಅಫೀಮು ಗಾಂಜಾಗಳ ವಿಷಯದಲ್ಲಿ ಬ್ರಿಟಿಷರ ಕಾಲದ ಅಬಕಾರಿ ಪದ್ಧತಿಯ ಶಾಸನಗಳು 1985ರವರೆಗೆ ಉಳಿದುಬಂದುವು. ಆ ವರ್ಷದ ನವೆಂಬರ್ 14ರಿಂದ ಜಾರಿಗೆ ಬಂದ ಮಾದಕ ದ್ರವ್ಯಗಳ ಮತ್ತು ಮನಃಪ್ರಭಾವಿ ಪದಾರ್ಥಗಳ ಶಾಸನವು ಅವುಗಳ ಸ್ಥಾನದಲ್ಲಿ ದಂಡಶಾಸನವನ್ನು ತಂದಿತು. 1894ರ ಆಯೋಗದ ನೆನಪೋ ಎಂಬಂತೆ, ಗಾಂಜಾ ಗಿಡದ ಬರಿಯ ಎಲೆಯಿಂದ ಮಾಡುವ ಭಂಗಿಯನ್ನು ಮಾತ್ರ ಅದು ಹೊರಗಿಟ್ಟಿತು. 1989ರ ತಿದ್ದುಪಡಿಯು ಜಾಮೀನನ್ನು ದುರ್ಲಭಗೊಳಿಸಿ, ಕೆಲವು ಮರುಕಳಿಸಿದ ಅಪರಾಧಗಳಿಗೆ ಮರಣದಂಡನೆಯನ್ನೂ ಸೇರಿಸಿತು. ಹೀಗೆ ಸಣ್ಣ ವ್ಯಸನಿಗೂ ದೊಡ್ಡ ವರ್ತಕನಿಗೂ ಶಿಕ್ಷೆಯಲ್ಲಿ ತಕ್ಕ ಅಂತರವಿಲ್ಲವೆಂಬುದು ಅನುಭವದಿಂದ ಕಂಡುಬಂದುದರಿಂದ, 2001ರಲ್ಲಿ ವಸ್ತುವಿನ ಪ್ರಮಾಣಕ್ಕೆ ತಕ್ಕಂತೆ ಶಿಕ್ಷೆಯನ್ನು ಶ್ರೇಣಿಗೊಳಿಸಲಾಯಿತು. ತಾನಾಗಿ ಚಿಕಿತ್ಸೆಗೆ ಒಳಗಾಗುವ ವ್ಯಸನಿಗೆ ವಿಚಾರಣೆಯಿಂದ ವಿನಾಯಿತಿ ಕೊಡುವ 64ಎ ವಿಧಿಯೂ ಈ ಶಾಸನದಲ್ಲಿದೆ. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೂಫಾನ್ ಸಿಂಗ್ ಮೊಕದ್ದಮೆಯಲ್ಲಿ, ತನಿಖೆಯ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಸಾಕ್ಷ್ಯವಾಗಿ ಬಳಸಲಾಗದೆಂದು ತೀರ್ಮಾನಿಸಿತು. ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ತಳ್ಳಿಹಾಕುವ ನಿಯಮಕ್ಕೆ ಸ್ಟೀಫನ್ನನ 1872ರ ಸಾಕ್ಷ್ಯ ಶಾಸನದಲ್ಲಿಯೇ ಸ್ಥಾನವಿದ್ದಿತೆಂಬುದು ಇಲ್ಲಿ ಸ್ಮರಣೀಯ. ದುರ್ವ್ಯಸನವನ್ನು ದಂಡಿಸಬೇಕೆಂದವನೇ ಪೊಲೀಸರ ಅಧಿಕಾರಕ್ಕೆ ಕಡಿವಾಣ ಬೇಕೆಂಬುದನ್ನೂ ಅರಿತಿದ್ದನು.

ಉಪಸಂಹಾರ

ಇಷ್ಟು ವಿವೇಚನೆಯಿಂದ ನಾವು ಕೆಲವು ಸಿದ್ಧಾಂತಗಳನ್ನು ತಲಪಬಹುದು. ಮೊದಲನೆಯದಾಗಿ, ನಿಷೇಧವು ಯಾವ ಫಲವನ್ನೂ ಕೊಡುವುದಿಲ್ಲವೆಂಬ ಸ್ವಾತಂತ್ರ್ಯವಾದಿಗಳ ಮಾತು ನಿಲ್ಲುವುದಿಲ್ಲ. ಬಳಕೆಯನ್ನು ಅದು ತಗ್ಗಿಸಬಲ್ಲುದೆಂಬುದಕ್ಕೆ 1920ರ ದಶಕವೇ ಸಾಕ್ಷಿ. ಎರಡನೆಯದಾಗಿ, ನಿಷೇಧವು ತನ್ನದೇ ಆದ ಅಪರಾಧವನ್ನು ಹುಟ್ಟಿಸುತ್ತದೆಂಬ ಅವರ ಮಾತು ನಿಜ. ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿಯದೆ ಶಾಸನವನ್ನು ಸಮರ್ಥಿಸುವುದು ಪ್ರಾಮಾಣಿಕವಲ್ಲ. ಮೂರನೆಯದಾಗಿ, ಉಗ್ರಶಿಕ್ಷೆಯು ವ್ಯಸನವನ್ನು ನಿವಾರಿಸಿತೆಂಬುದಕ್ಕೆ ನಾವು ಪರಿಶೀಲಿಸಿದ ಇತಿಹಾಸದಲ್ಲಿ ಆಧಾರ ದೊರೆಯಲಿಲ್ಲ. ನಾಲ್ಕನೆಯದಾಗಿ, ದಂಡನೆಯನ್ನು ತೆಗೆದುಹಾಕಿ ಅದರ ಸ್ಥಾನದಲ್ಲಿ ಏನನ್ನೂ ಇಡದಿದ್ದರೆ ಸುಧಾರಣೆ ನೆಲೆಗೊಳ್ಳದೆಂಬುದನ್ನು ಆರೆಗನ್ನಿನ ಅನುಭವ ತೋರಿಸುತ್ತದೆ.

ಮಾರುವವನನ್ನೂ ಬಳಸುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದೆ ಎಂಬ ಮಿಲ್ಲನ ಅಳುಕಿಗೆ ಇತಿಹಾಸವು ಕೊಟ್ಟಿರುವ ಉತ್ತರವೇನು? ಸಲ್ಲದು ಎಂಬುದೇ ನಮ್ಮ ಅಭಿಪ್ರಾಯ. ಬಳಸುವವನನ್ನು ರೋಗಿಯೆಂದೂ ಪ್ರಜೆಯೆಂದೂ ಕಂಡ ಶಾಸನಗಳು, ಅವನನ್ನು ಶತ್ರುವೆಂದು ಕಂಡ ಶಾಸನಗಳಿಗಿಂತ ಕಡಮೆ ಕೇಡನ್ನು ಮಾಡಿವೆ. ಮಾರುವವನ ಸ್ವಾತಂತ್ರ್ಯವನ್ನು ಪವಿತ್ರವೆಂದು ಎಣಿಸಿದ ಕಾಲದ ಕಥೆಯನ್ನು ಅಫೀಮಿನ ಪೆಟ್ಟಿಗೆಗಳು ಹೇಳುತ್ತವೆ.

ನಮ್ಮ ಕಾಲೇಜುಗಳ ತರುಣರಿಗೆ ಈ ವಿಷಯ ದೂರದ್ದಲ್ಲ. ಕೈಯಲ್ಲಿ ಒಂದು ಸಣ್ಣ ಪೊಟ್ಟಣ ಸಿಕ್ಕಿಬಿದ್ದ ವಿದ್ಯಾರ್ಥಿಯ ಮುಂದಿನ ಬಾಳು ಶಾಸನದ ಒಂದು ವಿಧಿಯ ಮೇಲೆ, ಆ ವಿಧಿಯನ್ನು ಬಳಸುವ ಅಧಿಕಾರಿಯ ವಿವೇಕದ ಮೇಲೆ ನಿಂತಿರುತ್ತದೆ. 64ಎ ವಿಧಿಯು ನಮ್ಮ ಶಾಸನಗ್ರಂಥದಲ್ಲಿ ಉಂಟು. ಅದನ್ನು ಅರಿತವರು ಎಷ್ಟು ಮಂದಿ ಎಂಬುದನ್ನು ಅಧ್ಯಾಪಕರಾದ ನಾವು ನಮ್ಮನ್ನೇ ಕೇಳಿಕೊಳ್ಳಬೇಕಾಗಿದೆ.